ಸುಣ್ಣ ಬಳಿದ ಕೊಳ

ನಾನು ಇನೋಯತ್ ಓಪಾ (ನಮ್ಮಲ್ಲಿ ಅಕ್ಕನನ್ನು ಓಪಾ ಎನ್ನುತ್ತೇವೆ) ಅವರನ್ನು ಮೊದಲ ಸಲ ಕಂಡಾಗ ಅವರು ತಮ್ಮ ಅಂಗಳದ ಕೊಳದ ದಂಡೆಯಲ್ಲಿ ಹೊಟ್ಟೆಯ ಮೇಲೆ ಮಲಗಿದ್ದರು. ತಲೆವಸ್ತ್ರದ ತುದಿ ನೀರಿನಲ್ಲಿ ನೆನೆಯುತ್ತಿತ್ತು. ಆಗಸ್ಟ್ ತಿಂಗಳ ಕೊನೆ. ನಾನು ಭಾಷೆಯ ಉಪಾಧ್ಯಾಯಿನಿಯಾಗಿ ನೇಮಕಗೊಂಡು ನಮನ್‌ಗಾನಿನಿಂದ ಮಾರ್ಗಿಲಾನಿಗೆ ಆಗತಾನೇ ಬಂದಿಳಿದಿದ್ದೆ. ಬಾಡಿಗೆಗೆ ಕೋಣೆ ಸಿಗಬಹುದೆಂದು ಶಾಲೆಯ ಕಾವಲುಗಾರ ಈ ಮನೆಯನ್ನು ತೋರಿಸಿ ಹೋಗಿದ್ದ. ಬೀದಿಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟರೆ ಹೆಂಗಸೊಬ್ಬರು ನೆಲಕ್ಕೆ ಬಿದ್ದಿದ್ದಾರೆ! ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಓಡಿದೆ.

"ಓಪಾ, ಓಪಾ, ಏನಾಯ್ತು? ಬಿದ್ಬಿಟ್ರಾ?"

ಅವರು ತಲೆ ಎತ್ತಲಿಲ್ಲ. ಕೈಯನ್ನು ಹಿಂದಕ್ಕೆ ಚಾಚಿ ನನ್ನ ಕಾಲಿನ ಗಂಟನ್ನು ಭದ್ರವಾಗಿ ಹಿಡಿದುಕೊಂಡರು.

"ನೆರಳು ಬೀಳ್ತಾ ಇದೆ, ಕೂತ್ಕೋ. ಹಂಗಲ್ಲ, ಇನ್ನೂ ಬಗ್ಗು. ನೋಡು, ಆ ಜೊಂಡಿನ ಕಡ್ಡಿ ಮೇಲೆ."

ಕಡ್ಡಿಯ ಮೇಲೆ ಮಣ್ಣಿನ ಬಣ್ಣದ ಒಂದು ಕುರೂಪಿ ಹುಳು ಅಂಟಿಕೊಂಡಿತ್ತು. ಅದರ ಬೆನ್ನು ನಡುವೆ ಸೀಳಿತ್ತು. ಆ ಸೀಳಿನೊಳಗಿಂದ ಮೆತ್ತಗಿನ, ತಿಳಿಬಣ್ಣದ ಇನ್ನೊಂದು ಜೀವ ತನ್ನನ್ನು ತಾನೇ ಹೊರಕ್ಕೆ ಎಳೆದುಕೊಳ್ಳುತ್ತಿತ್ತು. ಮೊದಲು ತಲೆ, ಆಮೇಲೆ ಕಾಲುಗಳು, ಆಮೇಲೆ ಮುದುರಿದ ಎರಡು ಜೊತೆ ರೆಕ್ಕೆಗಳು. ನಾವು ನೋಡುತ್ತಿದ್ದಂತೆಯೇ ರೆಕ್ಕೆಗಳು ಬಿಚ್ಚಿಕೊಂಡು, ಬಿಗಿದುಕೊಂಡು, ಅದೊಂದು ಏರೋಪ್ಲೇನ್ ಚಿಟ್ಟೆಯಾಯಿತು. ಬಿಸಿಲು ಗೋಡೆಯನ್ನು ದಾಟಿ ಬಂದಾಗ ಹಾರಿಹೋಯಿತು. ಹಳೆಯ ಚರ್ಮ ಕಡ್ಡಿಯ ಮೇಲೆ ಹಾಗೆಯೇ ಉಳಿಯಿತು.

"ಅಷ್ಟು ದೊಡ್ಡ ರೆಕ್ಕೆ ಅಷ್ಟು ಚಿಕ್ಕ ಚೀಲದಲ್ಲಿ ಹೆಂಗೆ ಮಡಿಚಿಟ್ಟಿತ್ತು ಅಂತೀನಿ!" ಎಂದು ಅವರು ಎದ್ದು ಕುಳಿತು ಮೊಣಕೈಯ ಮಣ್ಣನ್ನು ಒರೆಸಿಕೊಂಡರು. "ನಾನೂ ಹುಟ್ಟಿದಾಗಿಂದ ರಜಾಯಿ ಮಡಚ್ತಾನೇ ಇದೀನಿ. ನನ್ ಕೈಲಿ ಆಗಲ್ಲಪ್ಪ." ಆಮೇಲೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಅಂದಹಾಗೆ ನೀನ್ಯಾರು ತಂಗಿ?" ಎಂದು ಕೇಳಿದರು.

ಹೀಗೆ ನನಗೆ ಕೋಣೆ ಸಿಕ್ಕಿತು. ಮದುವೆಯಾಗಿ ಅದೇ ಬೀದಿಯ ಇನ್ನೊಂದು ತುದಿಗೆ ಹೋಗುವವರೆಗೆ ನಾನು ಆ ಮನೆಯಲ್ಲಿಯೇ ಇದ್ದೆ. ಹೋದ ಮೇಲೂ ದಿನಕ್ಕೊಮ್ಮೆ ಹೋಗಿ ಬಾರದೆ ಇದ್ದವಳಲ್ಲ.

ಇನೋಯತ್ ಓಪಾ ರಜಾಯಿ ಹೊಲಿಯುವವರು. ನಮ್ಮಲ್ಲಿ ಹೆಣ್ಣುಮಕ್ಕಳ ಮದುವೆಗೆ ಗೋಡೆಯೆತ್ತರಕ್ಕೆ ರಜಾಯಿ ಪೇರಿಸಿ ಕಳುಹಿಸಬೇಕಷ್ಟೆ? ನಮ್ಮ ಬೀದಿಯ ಮದುವೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ರಜಾಯಿ ಅವರ ಕೈಯವೇ. ಕೊಳದ ಪಕ್ಕದಲ್ಲಿ ಹಿಪ್ಪುನೇರಳೆ ಮರದ ಕೆಳಗೆ ಒಂದು ಮಣ್ಣಿನ ಕಟ್ಟೆಯಿತ್ತು. ಹತ್ತಿಯನ್ನು ಕೋಲಿನಿಂದ ಬಡಿದು, ಹರಡಿ, ಮೇಲೆ ಪಟ್ಟೆಪಟ್ಟೆ ರೇಷ್ಮೆಯನ್ನು ಹಾಸಿ, ಆ ಕಟ್ಟೆಯ ಮೇಲೆ ಕುಳಿತು ಹೊಲಿಯುತ್ತಿದ್ದರು. ಕೈ ತನ್ನ ಪಾಡಿಗೆ ಹೊಲಿಯುತ್ತಿರುವಾಗ ಕಣ್ಣಿಗೆ ಬೇರೆ ಕೆಲಸವೇನಿದೆ? ಅದು ಕೊಳದ ಮೇಲಿರುತ್ತಿತ್ತು.

ಕೊಳವೆಂದರೆ ದೊಡ್ಡದೇನಲ್ಲ. ಒಂದು ಕೋಣೆಯಷ್ಟು ಅಗಲ, ಸೊಂಟದಷ್ಟು ಆಳ. ಬೀದಿಯ ಕಾಲುವೆಯಿಂದ ಸರದಿಯ ದಿನ ನೀರು ಬಂದು ತುಂಬುತ್ತಿತ್ತು. ಇತರರ ಮನೆಗಳಲ್ಲಿ ಕೊಳವನ್ನು ವರ್ಷಕ್ಕೊಮ್ಮೆ ಕೆರೆದು ತೊಳೆಯುತ್ತಾರೆ. ಓಪಾ ತೊಳೆಯಗೊಡುತ್ತಿರಲಿಲ್ಲ. ಆದ್ದರಿಂದ ಅದರಲ್ಲಿ ಜೊಂಡು ಬೆಳೆದಿತ್ತು, ಪಾಚಿ ಕಟ್ಟಿತ್ತು, ನೀರಿನ ಮೇಲೆ ನಡೆಯುವ ಹುಳುಗಳಿದ್ದವು, ಬೆನ್ನಡಿಯಾಗಿ ಈಜುವ ಹುಳುಗಳಿದ್ದವು. ವಸಂತದಲ್ಲಿ ಕವಲುಬಾಲದ ಅಂಬರಗುಬ್ಬಿಗಳು ಗೂಡಿಗೆ ಕೆಸರು ಒಯ್ಯಲು ಬರುತ್ತಿದ್ದವು. ಒಮ್ಮೊಮ್ಮೆ ಒಂದು ನೀರುಹಾವು ಬಂದು ಅರ್ಧ ದಿನ ಇದ್ದು ಹೋಗುತ್ತಿತ್ತು. ಅದು ಬಂದ ದಿನ ರಜಾಯಿ ಕೇಳಲು ಬಂದ ಹೆಂಗಸರು ಬೀದಿಬಾಗಿಲಿನಲ್ಲಿಯೇ ನಿಂತು ವ್ಯಾಪಾರ ಮುಗಿಸುತ್ತಿದ್ದರು.

ಎಲ್ಲಕ್ಕಿಂತ ಅವರಿಗೆ ಇಷ್ಟವಾದವು ನೆಲಗಪ್ಪೆಗಳು. ಬಿಳಿಚಾದ ಮೈಮೇಲೆ ಹಸಿರು ತೇಪೆಗಳು, ತೇಪೆಗಳ ನಡುವೆ ಅಲ್ಲಲ್ಲಿ ಕೆಂಪು ಚುಕ್ಕೆಗಳು. ಹಗಲೆಲ್ಲ ಮಣ್ಣುಗೋಡೆಯ ಬಿರುಕುಗಳಲ್ಲಿ ಅಡಗಿದ್ದು ಸಂಜೆಗೆ ಹೊರಬರುತ್ತಿದ್ದವು. ಏಪ್ರಿಲ್ ತಿಂಗಳಲ್ಲಿ ಜರ್ದಾಳು ಹೂ ಉದುರುವ ಹೊತ್ತಿಗೆ ಗಂಡುಗಳು ನೀರಿಗಿಳಿದು, ಗಂಟಲನ್ನು ಉಬ್ಬಿಸಿ, ಒಂದೇ ಸ್ವರವನ್ನು ಉಸಿರು ಮುಗಿಯುವವರೆಗೆ ನುಡಿಸುತ್ತಿದ್ದವು. ಕೊಳಲಿಗೆ ಒಂದೇ ರಂಧ್ರವಿದ್ದರೆ ಹೇಗೋ ಹಾಗೆ. ನೆಲಗಪ್ಪೆಯನ್ನು ಮುಟ್ಟಿದರೆ ಕೈಗೆ ನರೂಲಿ ಏಳುತ್ತದೆಂದು ಬೀದಿಯವರೆಲ್ಲ ನಂಬಿದ್ದರು. ಓಪಾ ಬರಿಗೈಯಲ್ಲಿ ಎತ್ತಿ ಅಂಗೈ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಅವರ ಕೈಯಲ್ಲಿ ಸೂಜಿ ಚುಚ್ಚಿದ ಗುರುತುಗಳಿದ್ದವೇ ಹೊರತು ನರೂಲಿಯನ್ನು ನಾನು ಕಾಣಲಿಲ್ಲ.

ಅವರಿಗೆ ಯಾವುದನ್ನೂ ಕೇಳಿ ನಂಬಿ ಅಭ್ಯಾಸವಿರಲಿಲ್ಲ. ಮಾಡಿ ನೋಡಬೇಕು. ಒಂದು ಸಂಜೆ ನೆಲಗಪ್ಪೆಯ ಮುಂದೆ ಮಾಂಸದ ಸಣ್ಣ ಚೂರನ್ನಿಟ್ಟರು. (ರೊಟ್ಟಿಯನ್ನಿಡಲಿಲ್ಲ. ರೊಟ್ಟಿಯೊಡನೆ ಆಟವಾಡುವಂತಿಲ್ಲ.) ಕಪ್ಪೆ ಕಲ್ಲಿನಂತೆ ಕುಳಿತಿತ್ತು. ಅದೇ ಚೂರಿಗೆ ಹೊಲಿಗೆಯ ದಾರವನ್ನು ಕಟ್ಟಿ ಮೆಲ್ಲಗೆ ಎಳೆದರೋ ಇಲ್ಲವೋ, ಛಟ್ಟೆಂದು ನಾಲಿಗೆ ಬಂದು ಚೂರು ಮಾಯವಾಯಿತು. ದಾರದ ಇನ್ನೊಂದು ತುದಿ ಓಪಾ ಅವರ ಕೈಯಲ್ಲಿ.

"ಕದಲದೆ ಇರೋದು ಇದರ ಕಣ್ಣಿಗೆ ಊಟಾನೇ ಅಲ್ಲ, ನೋಡಿದ್ಯಾ? ಈಗ ದಾರ ಹೆಂಗೆ ಬಿಡಿಸ್ಕೊಳ್ಳೋದು?"

ಎಲ್ಲವೂ ಸರಿಯಾಗಿಯೇ ತಿಳಿದಿತ್ತೆಂದಲ್ಲ. ವಸಂತದಲ್ಲಿ ದೊಡ್ಡ ಕಪ್ಪೆಯ ಬೆನ್ನಿನ ಮೇಲೆ ಚಿಕ್ಕದೊಂದು ಅವುಚಿ ಕುಳಿತಿರುತ್ತದೆಯಷ್ಟೆ? ತಾಯಿ ಮಗುವನ್ನು ಹೊತ್ತು ತಿರುಗುತ್ತಾಳೆಂದು ಅವರು ಬಹಳ ವರ್ಷ ನಂಬಿದ್ದರು. ನಮ್ಮ ಶಾಲೆಯ ಪ್ರಾಣಿಶಾಸ್ತ್ರದ ಪುಸ್ತಕವನ್ನು ತಂದು, ಮೇಲಿರುವುದು ಮಗುವಲ್ಲ, ಗಂಡ ಎಂದು ನಾನು ಓದಿ ಹೇಳಿದಾಗ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅವರ ಯಜಮಾನರು ತುರ್ಸುನಾಲಿ ಅಕಾ (ಅಕಾ ಎಂದರೆ ಅಣ್ಣ) ಕರಬೂಜದ ಲಾರಿಯ ಚಾಲಕರು. ಅಲ್ಲೇ ಚಹಾ ಕುಡಿಯುತ್ತಿದ್ದವರು ಬಟ್ಟಲನ್ನು ಕೆಳಗಿಟ್ಟು, ಹೆಂಡತಿಯನ್ನು ಮಗಳ ಹೆಸರಿನಿಂದ ಕರೆದು, "ನೋಡೇ ಹಿಲೋಲನಮ್ಮ, ಗಂಡನ್ನ ಬೆನ್ ಮೇಲೆ ಹೊತ್ಕೊಂಡ್ ತಿರುಗೋ ಹೆಂಡ್ತೀರೂ ಇದಾರಂತೆ. ನೀನು ಒಂದು ಬುತ್ತಿ ಕಟ್ಟಿಕೊಡೋಕೆ ಗೊಣಗ್ತೀಯ" ಎಂದರು.

"ಮೊದಲು ಅವನಷ್ಟು ಸಣ್ಣಗಾಗಿ ಬನ್ರೀ, ಹೊರ್ತೀನಿ."

ಆದರೆ ಒಂದು ಪ್ರಶ್ನೆಗೆ ಪುಸ್ತಕದಲ್ಲಿಯೂ ಉತ್ತರವಿರಲಿಲ್ಲ. ಜೂನ್ ತಿಂಗಳಲ್ಲಿ ಗೊದಮೊಟ್ಟೆಗಳಿಗೆ ಕಾಲು ಮೂಡಿ, ಬಾಲ ಕರಗಿ, ಬೆರಳ ತುದಿಯಷ್ಟು ಮರಿಗಳಾಗಿ ನೀರನ್ನು ಬಿಟ್ಟು ಹೋಗುತ್ತವೆ. ಗೋಡೆ ದಾಟಿ, ತೋಟ ದಾಟಿ ಎಲ್ಲಿಗೋ ಹೋಗುತ್ತವೆ. "ಮುಂದೆ ಬರೋವು ಅವೇನಾ? ಇಲ್ಲಾ ಯಾರೋ ದಾರಿಹೋಕರಾ?" ಎಂದು ಓಪಾ ಪ್ರತಿ ವರ್ಷ ಕೇಳುತ್ತಿದ್ದರು. ಹುಟ್ಟಿದ ನೀರಿನ ನೆನಪು ಅವಕ್ಕೆ ಇರುತ್ತದೆಯೇ ಎಂಬುದು ಅವರ ಕುತೂಹಲ. ನನಗೆ ತಿಳಿಯದು ಎಂದು ನಾನೂ ಪ್ರತಿ ವರ್ಷ ಹೇಳುತ್ತಿದ್ದೆ.

ವರ್ಷಗಳು ಕಳೆದವು. ಅವರ ಮಗಳು ಹಿಲೋಲಾ ಮದುವೆಯಾಗಿ ಆಂದಿಜಾನಿಗೆ ಹೋದಳು. ಒಂದು ಏಪ್ರಿಲಿನಲ್ಲಿ ಅವಳಿಗೆ ಚೊಚ್ಚಲ ಹೆರಿಗೆಯಾಯಿತು. ಅತ್ತೆಗೆ ಮೈಯಲ್ಲಿ ಸ್ವಸ್ಥವಿಲ್ಲದ್ದರಿಂದ ಬಾಣಂತನಕ್ಕೆ ಓಪಾ ನಾಲ್ಕು ದಿನದ ಮಟ್ಟಿಗೆ ಹೋಗಬೇಕಾಯಿತು. ಆ ವಾರವಷ್ಟೇ ನೆಲಗಪ್ಪೆಗಳು ಮೊಟ್ಟೆಯಿಟ್ಟಿದ್ದವು. ಕರಿಮಣಿ ಸರದಂತಹ ಉದ್ದನೆಯ ಎಳೆಗಳು ಜೊಂಡಿನ ಬುಡಕ್ಕೆ ಸುತ್ತಿಕೊಂಡಿದ್ದವು. ಓಪಾ ಗಂಟುಮೂಟೆ ಹೊತ್ತು ಬಸ್ಸಿಗೆ ಹೊರಟವರು ಬಾಗಿಲಿನಿಂದ ಮತ್ತೆ ತಿರುಗಿ ಬಂದರು.

"ಏನ್ರೀ, ಕೊಳಕ್ಕೆ ಯಾರೂ ಕೈ ಹಾಕದ ಹಾಗೆ ನೋಡ್ಕೊಳ್ಳಿ. ಸರದಿ ನೀರು ಬಂದಾಗ ಜೋರಾಗಿ ಬಿಡ್ಬೇಡಿ, ಎಳೆ ಹರಿದು ಹೋಗತ್ತೆ."

"ಮೊಮ್ಮಗು ಹುಟ್ಟಿದೆ, ಇವಳಿಗೆ ಕಪ್ಪೆ ಬಾಣಂತನದ ಚಿಂತೆ. ಹೋಗೇ, ಬಸ್ಸು ಹೋಗತ್ತೆ" ಎಂದರು ತುರ್ಸುನಾಲಿ ಅಕಾ.

ನಮ್ಮ ಬೀದಿಯಲ್ಲಿ ಖೋಲ್ಮತ್ ಅಕಾ ಎಂಬವರಿದ್ದರು. ಬಹಳ ವರ್ಷ ನೀರುಗಂಟಿಯಾಗಿದ್ದು, ಯಾವ ಮನೆಯ ಕಾಲುವೆಬಾಯಿ ಯಾವಾಗ ತೆರೆಯಬೇಕೆಂದು ಜಗಳವಿಲ್ಲದಂತೆ ನಡೆಸಿದವರು. ಬೀದಿಯ ಹಿರಿಯರೆಂದರೆ ಅವರೇ. ಇಳಿಜಾರಿನಲ್ಲಿ ಕೆಳಗಿನ ಮನೆ ಅವರದು. ಅವರ ಅಂಗಳದಲ್ಲಿಯೂ ಒಂದು ಕೊಳ, ನೀಲಿ ಹೆಂಚಿನದು. ತಳದಲ್ಲಿ ನಾಣ್ಯ ಬಿದ್ದರೆ ಮುಖ ಯಾವುದು ಬೆನ್ನು ಯಾವುದು ಎಂದು ಹೇಳಬಹುದು, ಅಷ್ಟು ಶುಭ್ರ. ಮೇ ತಿಂಗಳಲ್ಲಿ ಅವರ ಕಿರಿಯ ಮಗಳ ಮದುವೆ ನಿಶ್ಚಯವಾಗಿತ್ತು. ರಜಾಯಿಗಳನ್ನು ಓಪಾ ಹೊಲಿಯುತ್ತಿದ್ದರು. "ನನ್ನ ಕಣ್ಣೆದುರು ಬೆಳೆದ ಹುಡುಗಿ" ಎಂದು ಕೂಲಿಯನ್ನು ಒಲ್ಲೆನೆಂದಿದ್ದರು.

ಈ ಋಣ ಖೋಲ್ಮತ್ ಅಕಾ ಅವರನ್ನು ಕೊರೆಯುತ್ತಿತ್ತು. ಓಪಾ ಊರಲ್ಲಿಲ್ಲದಾಗ ಅವರಿಗೊಂದು ಉಪಾಯ ಹೊಳೆಯಿತು. ಪಾಪ, ಗಂಡ ಲಾರಿಯ ಮೇಲೆ, ಗಂಡುಮಕ್ಕಳಿಲ್ಲ, ಅದಕ್ಕೇ ಆ ಹೆಂಗಸಿನ ಕೊಳ ಹಾಗೆ ಹಾಳುಬಿದ್ದಿದೆ. ಹಶರ್ ಕರೆಯೋಣ! ಹಶರ್ ಎಂದರೆ ಬೀದಿಗೆ ಬೀದಿಯೇ ಸೇರಿ ಒಬ್ಬರ ಮನೆಗೆಲಸವನ್ನು ಮುಗಿಸಿಕೊಡುವ ಮುಯ್ಯಾಳು. ಅದನ್ನು ಬೇಡವೆನ್ನುವಂತಿಲ್ಲ. ಬೇಡವೆಂದರೆ ಬಂದವರ ಮುಖಕ್ಕೆ ಬಾಗಿಲು ಹಾಕಿದಂತೆ.

ಶನಿವಾರ ನಾನು ಶಾಲೆ ಮುಗಿಸಿಕೊಂಡು ಬರುವಾಗ ಓಪಾ ಅವರ ಮನೆಯಿಂದ ಪಲಾವಿನ ಹೊಗೆ ಏಳುತ್ತಿತ್ತು. ಒಳಗೆ ಗಂಡಸರು ಗುದ್ದಲಿಗಳನ್ನು ತೊಳೆಯುತ್ತಿದ್ದರು. ಜೊಂಡಿಲ್ಲ, ಪಾಚಿಯಿಲ್ಲ, ನೀರಿಲ್ಲ. ಕೊಳವನ್ನು ಬರಿದು ಮಾಡಿ, ಕೆಸರನ್ನು ತಳದವರೆಗೆ ಕೆರೆದು, ಕೈಗಾಡಿಗಳಲ್ಲಿ ಹೊರಗೆ ಸಾಗಿಸಿ, ಮರಗಳ ಬುಡಕ್ಕೆ ಬಳಿದು ಉಳಿದ ಸುಣ್ಣವನ್ನು ಕೊಳದ ಒಳಗೋಡೆಗೂ ತಳಕ್ಕೂ ದಪ್ಪನಾಗಿ ಬಳಿದಿದ್ದರು. ಮಧ್ಯಾಹ್ನದ ಬಿಸಿಲಿಗೆ ಅದು ಕಣ್ಣು ಕುಕ್ಕುತ್ತಿತ್ತು.

ತುರ್ಸುನಾಲಿ ಅಕಾ ಒಲೆಯ ಹಿಂದೆ ಕ್ಯಾರೆಟ್ ಹೆಚ್ಚುವ ನೆಪದಲ್ಲಿ ತಲೆ ತಗ್ಗಿಸಿ ಕುಳಿತಿದ್ದರು.

"ಅಕಾ, ಇದೇನು?"

"ಏನಂತ ಹೇಳ್ಲಿ ಮುಅಲ್ಲಿಮಾ?" ಎಂದು ಪಿಸುಗುಟ್ಟಿದರು. (ಉಪಾಧ್ಯಾಯಿನಿಯರನ್ನು ಹಾಗೆ ಕರೆಯುವುದು ನಮ್ಮ ವಾಡಿಕೆ.) "ಗುದ್ದಲಿ ಹಿಡ್ಕೊಂಡು ಬೀದಿಯೋರೆಲ್ಲ ಬಂದು ನಿಂತ್ರು. ನನ್ನ ಹೆಂಡ್ತಿ ಕಪ್ಪೆಗಳಿಗೆ ಅಳ್ತಾಳೆ, ವಾಪಸ್ ಹೋಗಿ ಅಂತ ಅಷ್ಟು ಗಂಡಸರ ಮುಂದೆ ಹೇಳ್ಲಾ? ನಾಳೆಯಿಂದ ಚಹಾದಂಗಡೀಲಿ ನಾನು ಕೂರೋ ಹಾಗಿರುತ್ತಾ?"

ಓಪಾ ಅಂದೇ ಬರುವವರಿದ್ದರು. ಖೋಲ್ಮತ್ ಅಕಾ ಅದನ್ನು ತಿಳಿದುಕೊಂಡೇ ದಿನ ಗೊತ್ತುಮಾಡಿದ್ದರು. ಪಲಾವಿಗೆ ಅಕ್ಕಿ ಹಾಕಿ ಮುಚ್ಚಿದ ಸ್ವಲ್ಪ ಹೊತ್ತಿಗೆ ಬೀದಿಬಾಗಿಲು ಸದ್ದಾಯಿತು. ಖೋಲ್ಮತ್ ಅಕಾ ಎದುರುಗೊಳ್ಳಲು ಓಡಿದರು.

"ಬಾ ತಂಗಿ, ಬಾ! ಮೊಮ್ಮಗ ಹುಷಾರಾ? ಎಲ್ಲಿ, ಕಣ್ಣು ಮುಚ್ಕೋ. ಹಂ, ಈಗ ಬಿಡು!"

ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು. ಕೈಯಲ್ಲಿದ್ದ ಗಂಟು ಜಾರಿ ಕೆಳಗೆ ಬಿತ್ತು. ಆಮೇಲೆ ಬಲಗೈಯನ್ನು ಎದೆಯ ಮೇಲಿಟ್ಟು ಸ್ವಲ್ಪ ಬಾಗಿದರು.

"ನಿಮ್ಮ ಕೈಗಳು ನೋವು ಕಾಣದೆ ಇರಲಿ ಅಕಾ. ಎಲ್ಲರ ಕೈಗಳೂ."

"ಹೆಂಗಿದೆ ಹೇಳು!"

"ಮೊಸರಿನ ಬಟ್ಟಲು ಇದ್ದ ಹಾಗಿದೆ."

ಗಂಡಸರು ಸಂತೋಷದಿಂದ ನಕ್ಕರು. ಓಪಾ ಹಾಸು ಹಾಸಿದರು, ಚಹಾ ಬಗ್ಗಿಸಿದರು, ಪಲಾವಿನ ತಟ್ಟೆಗಳನ್ನು ಹಂಚಿದರು. "ಇನ್ನೊಂದಿಷ್ಟು ಹಾಕ್ಕೊಳ್ಳಿ" ಎಂದು ಒಬ್ಬೊಬ್ಬರಿಗೂ ಉಪಚಾರ ಮಾಡಿದರು. ಬಡಿಸುತ್ತಲೇ ಯಾವುದೋ ಹರಟೆಯ ನಡುವೆ, "ಕೆಸರು ಎಲ್ಲಿ ಹಾಕಿದ್ರಿ?" ಎಂದು ಕೇಳಿದರು. ಎಲ್ಲರ ಗುಲಾಬಿ ಗಿಡಗಳಿಗೆ ಎಂದರು ಯಾರೋ. "ನೀರು?" ಕಾಲುವೆಗೆ ಬಿಟ್ಟೆವು ಎಂದರು ಇನ್ನೊಬ್ಬರು. ಊಟ ಮುಗಿದು, ಅಂಗೈಗಳನ್ನು ಮುಖಕ್ಕೆ ಸವರಿ ಪ್ರಾರ್ಥನೆ ಮಾಡಿ, ಮನೆಯೊಡತಿಯನ್ನು ಹರಸಿ ಎಲ್ಲರೂ ಎದ್ದು ಹೋದರು. ನಾನು ಪಾತ್ರೆ ತೊಳೆಯಲು ಉಳಿದುಕೊಂಡೆ.

ಓಪಾ ಅಳಲಿಲ್ಲ. ಗಂಡನ ಮುಖವನ್ನು ನೋಡಲೂ ಇಲ್ಲ. ಕೊಳದ ಅಂಚಿಗೆ ಹೋಗಿ ಬಗ್ಗಿ ಬೆರಳಿನಿಂದ ಗೋಡೆಯನ್ನು ಮುಟ್ಟಿದರು. ಸುಣ್ಣ ಇನ್ನೂ ಹಸಿಯಾಗಿತ್ತು. ಬೆರಳನ್ನು ತಟಕ್ಕನೆ ಹಿಂದಕ್ಕೆಳೆದುಕೊಂಡರು.

"ಸುಡ್ತಾ ಇದೆ. ತಂಗಿ, ಇನ್ನೇನು ಸೂರ್ಯ ಮುಳುಗ್ತಾನೆ."

ಅವರ ಮಾತು ಮುಗಿಯುವ ಮೊದಲೇ ನನಗೆ ಅರ್ಥವಾಯಿತು. ಮೊಟ್ಟೆಗಳು ಹೋದವು, ಆದರೆ ದೊಡ್ಡ ಕಪ್ಪೆಗಳು ಗೋಡೆಯ ಬಿರುಕುಗಳಲ್ಲಿ ಇನ್ನೂ ಇದ್ದವು. ಕತ್ತಲಾಗುವ ಮೊದಲು ಹೊರಬಂದು ನೇರವಾಗಿ ಕೊಳಕ್ಕೆ ಹಾರುತ್ತವೆ. ಹಸಿ ಸುಣ್ಣದಲ್ಲಿ ಅವುಗಳ ಚರ್ಮ ಉಳಿಯುವುದುಂಟೇ? ಹಲಗೆಗಳನ್ನು ಹುಡುಕಿದೆವು. ಇದ್ದ ಹಲಗೆಗಳನ್ನೆಲ್ಲ ಹಶರಿನವರು ಕೈಗಾಡಿಯ ದಾರಿಗೆ ಹಾಸಿ, ಮುರಿದು, ಒಲೆಗೆ ಹಾಕಿದ್ದರು. ಓಪಾ ಒಳಗೆ ಹೋದರು. ತಲೆಯ ಮೇಲೆ ಹೊತ್ತು ತಂದದ್ದನ್ನು ನೋಡಿ ತುರ್ಸುನಾಲಿ ಅಕಾ ಅವರ ಬಾಯಿಯಿಂದ ಚಹಾ ಹೊರಗೆ ಬಂತು.

"ಲೇ, ಅದು ಮದುವೆ ರಜಾಯಿ ಕಣೇ!"

"ಹಿಡ್ಕೊಳ್ಳಿ ಆ ತುದಿ."

ಪಟ್ಟೆ ರೇಷ್ಮೆಯ ರಜಾಯಿಗಳನ್ನು ಉದ್ದಕ್ಕೆ ಸುರುಳಿ ಸುತ್ತಿ, ಕೊಳದ ನಾಲ್ಕು ಅಂಚಿಗೂ ಗೋಡೆಯಂತೆ ಇಟ್ಟೆವು. ಕೊನೆಯ ಮೂಲೆಯನ್ನು ಮುಚ್ಚುತ್ತಿರುವಾಗ ಹಿಪ್ಪುನೇರಳೆಯ ಬುಡದಿಂದ ಮೊದಲನೆಯದು ಹೊರಬಂತು. ಸುರುಳಿಯವರೆಗೆ ಬಂದು, ಮೂತಿ ತಾಗಿಸಿ ನಿಂತಿತು. ಅದರ ಹಿಂದೆ ಇನ್ನೊಂದು.

ಆ ಹೊತ್ತಿಗೆ ಸರಿಯಾಗಿ ಖೋಲ್ಮತ್ ಅಕಾ ತಮ್ಮ ಮನೆಯ ದೊಡ್ಡ ಸೌಟನ್ನು ಮರೆತಿದ್ದೇನೆಂದು ತಿರುಗಿ ಬಂದರು.

ಬಂದವರೇ ಒಂದು ಸುರುಳಿಯ ಹತ್ತಿರ ಬಗ್ಗಿದರು. "ಇದು... ನಮ್ಮ ಹುಡುಗಿ ರಜಾಯಿ ಅಲ್ವಾ?"

"ಹೌದು ಅಕಾ."

"ಅಂಗಳದಲ್ಲಿ ಯಾಕಿದೆ?"

ಸುಳ್ಳು ಹೇಳಲು ಓಪಾ ಅವರಿಗೆ ಸಮಯವೇ ಸಿಗಲಿಲ್ಲ. ಒಂದು ನೆಲಗಪ್ಪೆ ರೇಷ್ಮೆಯ ಮೇಲೆ ಹತ್ತಿ ಕುಳಿತಿತ್ತು. ಅದನ್ನು ಎತ್ತಿ ಅಂಗೈಯಲ್ಲಿ ಹಿಡಿದು, ಎಲ್ಲವನ್ನೂ ಹೇಳಿಬಿಟ್ಟರು. ಕೊಳವನ್ನು ಯಾಕೆ ತೊಳೆಸುತ್ತಿರಲಿಲ್ಲ, ಜೊಂಡಿನ ಬುಡದಲ್ಲಿ ಏನಿತ್ತು, ಸುಣ್ಣ ಏನು ಮಾಡುತ್ತದೆ. ದನಿ ಏರಲಿಲ್ಲ. ತುರ್ಸುನಾಲಿ ಅಕಾ ಆಕಾಶವನ್ನು ನೋಡುತ್ತಿದ್ದರು.

ಖೋಲ್ಮತ್ ಅಕಾ ಕಟ್ಟೆಯ ಮೇಲೆ ಕುಳಿತುಬಿಟ್ಟರು. "ಮಧ್ಯಾಹ್ನವೇ ಬೈಬಾರ್ದಿತ್ತಾ? ಪಲಾವ್ ಬಡಿಸಿ, ಇನ್ನೊಂದಿಷ್ಟು ಹಾಕ್ಕೊಳ್ಳಿ ಅಂತಿದ್ಯಲ್ಲ!"

"ಏನಂತ ಬೈಲಿ? ನೀವು ಮಾಡಿದ್ದು ಉಪಕಾರ ಅಲ್ವಾ."

ಅವರು ಸೌಟನ್ನು ತೆಗೆದುಕೊಂಡು ಹೊರಟುಹೋಗುತ್ತಾರೆಂದು ನಾನು ಎಣಿಸಿದ್ದೆ. ಹೋಗಲಿಲ್ಲ. ಸುರುಳಿಗಳ ಆಚೆ ಒಂದರ ಪಕ್ಕ ಒಂದು ಬಂದು ಕೂರುತ್ತಿದ್ದ ಕಪ್ಪೆಗಳನ್ನು ನೋಡುತ್ತ ಕುಳಿತರು. ಒಂದು ಗಂಡು ನೀರಿಲ್ಲದ ಕೊಳದ ಮುಂದೆಯೇ ಗಂಟಲನ್ನು ಉಬ್ಬಿಸಿ ಸ್ವರ ತೆಗೆಯಿತು.

"ನೀರಿಲ್ಲ, ನೀರಿನ ವಾಸನೇನೂ ಇಲ್ಲ. ಕಾಲುವೆ ಇಲ್ಲೇ ಪಕ್ಕದಲ್ಲಿ ಹರೀತಿದೆ. ಅಲ್ಲಿಗೆ ಹೋಗ್ಬಾರ್ದಾ? ಇಲ್ಲಿಗೇ ಯಾಕೆ ಬರ್ತಾವೆ?" ಎಂದರು ಮಾಜಿ ನೀರುಗಂಟಿ.

ಓಪಾ ಅವರ ಮುಖ ಅಂದು ಮೊದಲ ಬಾರಿಗೆ ಅರಳಿತು. "ಅದೇ ಅಕಾ! ನಾನೂ ಅದನ್ನೇ ಕೇಳ್ತಾ ಇರೋದು!"

ಮರುದಿನ ಬೆಳಗ್ಗೆ ರೊಟ್ಟಿ ಬೇಯುವ ಹೊತ್ತಿಗೆ ಖೋಲ್ಮತ್ ಅಕಾ ಮತ್ತೆ ಬಂದರು. ಉಟ್ಟ ಬಟ್ಟೆ ಮಂಡಿಯವರೆಗೆ ಒದ್ದೆ. "ಇಬ್ಬರೂ ಬನ್ನಿ" ಎಂದಷ್ಟೇ ಗಂಡಹೆಂಡಿರಿಗೆ ಹೇಳಿ ತಿರುಗಿ ನಡೆದರು. ನಾನೂ ದಾರಿಯಲ್ಲಿ ಸೇರಿಕೊಂಡೆ. ಅವರ ನೀಲಿ ಕೊಳಕ್ಕೆ ಕಾಲುವೆಯ ನೀರು ಬರುವ ಬಾಯಿಗೆ ಒಂದು ತಗಡಿನ ಜರಡಿಯಿತ್ತು. ಪ್ರತಿ ಬೆಳಗ್ಗೆ ಅದರಲ್ಲಿ ಸಿಕ್ಕಿಕೊಂಡ ಎಲೆ, ಪಾಚಿಯನ್ನು ಕಿತ್ತೆಸೆಯುವುದು ಅವರ ವಾಡಿಕೆ. ಅಂದು ಕೀಳಲು ಕೈ ಹಾಕಿದವರು ನಿಂತುಬಿಟ್ಟಿದ್ದರು. ಜರಡಿಯ ಮೇಲೆ ಕರಿಮಣಿ ಸರಗಳು ತೊಡರಿಕೊಂಡಿದ್ದವು. ಕೆಲವು ಒಳಕ್ಕೂ ಜಾರಿ ನೀಲಿ ಹೆಂಚಿನ ಮೇಲೆ ಸುರುಳಿಯಾಗಿ ಮಲಗಿದ್ದವು. ಮೇಲಿನ ಮನೆಯಿಂದ ಬಿಟ್ಟ ನೀರು ಬಂದು ಸೇರಿದ್ದು ಇಲ್ಲಿಗೇ.

"ಎಷ್ಟು ವರ್ಷ ಇದನ್ನ ಪಾಚಿ ಅಂತ ಕಿತ್ತು ಬಿಸಾಕಿದೀನೋ ದೇವರೇ ಬಲ್ಲ" ಎಂದರು.

ಓಪಾ ಮೊಣಕಾಲೂರಿ ನೋಡಿದರು. ಕೆಲವು ಮಣಿಗಳು ಬಿಳುಪಾಗಿ ಹೋಗಿದ್ದವು. ಉಳಿದವು ಕಪ್ಪಾಗಿಯೇ ಇದ್ದವು.

"ಬದುಕಿದಾವೆ ಅಕಾ. ಆದ್ರೆ ನನ್ ಕೊಳದಲ್ಲಿ ಸುಣ್ಣ. ಈಗ ಸದ್ಯಕ್ಕೆ ಒಯ್ಯೋ ಹಾಗಿಲ್ಲ."

"ಇಲ್ಲೇ ಇರ್ಲಿ. ಇವಕ್ಕೆ ಏನು ಬೇಕು ಹೇಳು."

"ಏನೂ ಬೇಡ. ನೀವು ತೊಳೀದೆ ಇದ್ರೆ ಸಾಕು."

ಖೋಲ್ಮತ್ ಅಕಾ ಅವರಂಥವರಿಗೆ ಇದಕ್ಕಿಂತ ಕಠಿಣವಾದ ವ್ರತವಿರಲಾರದು. ಮೇ ಬರುವಷ್ಟರಲ್ಲಿ ನೀಲಿ ಹೆಂಚು ಹಸಿರಾಯಿತು, ಹಸಿರಿನ ತುಂಬ ಗೊದಮೊಟ್ಟೆಗಳು ಬಾಲ ಆಡಿಸತೊಡಗಿದವು. ಮದುವೆ ಹತ್ತಿರ ಬಂದಿತು. ಅವರ ಹೆಂಡತಿ ರಿಸೋಲತ್ ಓಪಾ ಪೊರಕೆ ಹಿಡಿದು ಬಂದರೆ, ಇವರು ಕೊಳದ ಮೆಟ್ಟಿಲಿನ ಮೇಲೆ ಮಣೆ ಹಾಕಿಕೊಂಡು ಕುಳಿತಿರುತ್ತಿದ್ದರು.

"ಮದುವೆ ಮನೇಲಿ ಕೊಳದ ತುಂಬ ಕರೀ ಹುಳ! ಬೀಗರು ನೋಡಿದ್ರೆ ಏನಂದ್ಕೋತಾರ್ರೀ?"

"ಮೀನಿನ ಮರಿ ಅಂತ ಹೇಳು."

"ದೊಡ್ಡದಾದ್ಮೇಲೆ ನಮಗೂ ಎರಡು ಕ‌ಳಿಸಿ ಅಂದ್ರೆ?"

ಇತ್ತ ಓಪಾ ಮಣ್ಣಾದ ರಜಾಯಿಗಳ ಹೊದಿಕೆಯನ್ನು ಬಿಚ್ಚಿ, ಒಗೆದು, ಮತ್ತೆ ಹೊಲಿದರು. ಒಂದರ ಮೂಲೆಯನ್ನು ಸುಣ್ಣ ತಿಂದುಹಾಕಿತ್ತು. ಅಲ್ಲಿಗೆ ಹಸಿರು ರೇಷ್ಮೆಯ ತೇಪೆ ಹಾಕಬೇಕಾಯಿತು. ನಡೆದದ್ದನ್ನು ಹೆಂಡತಿಗೂ ಮಗಳಿಗೂ ಹೇಳಬಾರದೆಂದು ಖೋಲ್ಮತ್ ಅಕಾ ನಮ್ಮಿಂದ ಮಾತು ತೆಗೆದುಕೊಂಡಿದ್ದರು. ಮದುವಣಗಿತ್ತಿ ಆ ತೇಪೆಯನ್ನು ಹೊಸ ಮಾದರಿಯೆಂದು ತಿಳಿದಳು. ಮುಂದಿನ ವರ್ಷ ಇಬ್ಬರು ತಾಯಂದಿರು ತಮ್ಮ ಹೆಣ್ಣುಮಕ್ಕಳಿಗೂ ಮೂಲೆಯಲ್ಲಿ ಹಸಿರು ಬೇಕೆಂದು ಕೇಳಿಕೊಂಡು ಬಂದರು.

ಮದುವೆಯ ದಿನ ಒಂದು ಅನಾಹುತವಾಯಿತು. ದೂರದ ನೆಂಟರೊಬ್ಬರು ಕೊಪ್ಪರಿಗೆ ತೊಳೆದ ಜಿಡ್ಡಿನ ನೀರನ್ನು ಕೊಳಕ್ಕೆ ಸುರಿದುಬಿಟ್ಟರು. ಒಂದು ಬದಿಯ ಗೊದಮೊಟ್ಟೆಗಳೆಲ್ಲ ಸತ್ತು ತೇಲಿದವು. ಮದುವೆಯ ಅಂಗಿ ತೊಟ್ಟ ಖೋಲ್ಮತ್ ಅಕಾ ಬೀಗರ ಮುಂದೆಯೇ ತೋಳು ಮಡಿಸಿ ಜಿಡ್ಡನ್ನು ಬಾಚಿ ತೆಗೆಯುತ್ತಿದ್ದುದನ್ನು ನಾನು ಕಂಡೆ. ಉಳಿದವು ಉಳಿದವು. ಜೂನ್ ತಿಂಗಳ ಒಂದು ಮುಂಜಾನೆ, ಸಣ್ಣ ಮಳೆ ಬಿದ್ದು ನಿಂತ ಮೇಲೆ, ಮೆಟ್ಟಿಲುಗಳ ಮೇಲೆಲ್ಲ ಬೆರಳ ತುದಿಯಷ್ಟು ಮರಿಗಳು. ಆ ದಿನ ಆ ಮನೆಯಲ್ಲಿ ಯಾರೂ ನೋಡದೆ ಹೆಜ್ಜೆಯಿಡಲಿಲ್ಲ. ಅವು ತೋಟದ ಹುಲ್ಲಿನೊಳಗೆ ಮರೆಯಾಗುವುದನ್ನು ಓಪಾ ಕಣ್ಣು ಕೀಲಿಸಿ ನೋಡಿದರು.

"ಇವು ಬರೋದು ಇಲ್ಲಿಗಾ, ನನ್ ಮನೆಗಾ?" ಎಂದರು. "ಮೊಟ್ಟೆ ನನ್ ಕೊಳದ್ದು. ಕಾಲು ಬಂದಿದ್ದು ಇಲ್ಲಿ."

ಅವರ ಹಳೆಯ ಪ್ರಶ್ನೆ ಈಗ ಎರಡಾಯಿತು. ಅವರ ಕೊಳವನ್ನು ಆ ಬೇಸಿಗೆಯ ಪ್ರತಿ ಸರದಿಯಲ್ಲಿಯೂ ತುಂಬಿಸಿ, ಬಸಿದು, ತುರ್ಸುನಾಲಿ ಅಕಾ ಒಬ್ಬರೇ ಇಳಿದು ಉಜ್ಜಿ ಸುಣ್ಣವನ್ನು ಬಿಡಿಸಿದರು. ಉಜ್ಜಿ ಮುಗಿಯುವವರೆಗೆ ಓಪಾ ಗಂಡನೊಡನೆ ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ. ಮುಂದಿನ ಏಪ್ರಿಲಿನಲ್ಲಿ ನೆಲಗಪ್ಪೆಗಳು ಬಂದವು. ಆದರೆ ಯಾರು ಬಂದವರು, ಹಳಬರೇ, ಹೊಸಬರೇ? ಅದನ್ನು ತಿಳಿಯಲು ಓಪಾ ತಮಗೆ ಬರುವ ವಿದ್ಯೆಯನ್ನೇ ಹಿಡಿದರು. ಒಂದರ ಬೆನ್ನಿನ ತೇಪೆ ಇನ್ನೊಂದಕ್ಕಿಲ್ಲ ಎಂಬುದನ್ನು ಅವರು ಗಮನಿಸಿದ್ದರು. ಒಂದು ಬಿಳಿಯ ಬಟ್ಟೆಯನ್ನು ತೆಗೆದುಕೊಂಡು, ಕಪ್ಪೆಯ ಮೇಲೆ ಗಾಜಿನ ಬಟ್ಟಲನ್ನು ಬೋರಲು ಹಾಕಿ, ಅದರ ಬೆನ್ನನ್ನು ನೋಡಿ ನೋಡಿ ಹಸಿರು ದಾರದಲ್ಲಿ ಹಾಗೆಯೇ ಹೊಲಿದರು. ಚುಕ್ಕೆಗೆ ಕೆಂಪು ದಾರ. ಹೊಲಿದು ಮುಗಿದ ಮೇಲೆ ಬಿಡುಗಡೆ. ಮರುವರ್ಷ ಬಟ್ಟೆಯನ್ನು ಮಂಡಿಯ ಮೇಲೆ ಹರಡಿಕೊಂಡು ಬಂದವರನ್ನು ಹೋಲಿಸಿದರು. ಮೊದಲ ಸಲ ಹೊಂದಿಕೆಯಾದ ಸಂಜೆ ತಲೆವಸ್ತ್ರ ಜಾರಿದ್ದೂ ತಿಳಿಯದೆ ನಮ್ಮ ಮನೆಗೆ ಓಡಿಬಂದರು.

"ಅವಳೇ ಕಣೇ! ಭುಜದ ಮೇಲೆ ಕರಬೂಜದ ಹೋಳಿನಂಥ ತೇಪೆ ಇರೋಳು! ಅವಳೇ ಬಂದಿದಾಳೆ!"

ದೊಡ್ಡವು ಅದೇ ಅಂಗಳಕ್ಕೆ ಮರಳುತ್ತವೆ ಎಂಬುದು ಹೀಗೆ ಗೊತ್ತಾಯಿತು. ಮರಿಗಳ ಸಂಗತಿ ಮಾತ್ರ ಇಂದಿಗೂ ಗೊತ್ತಾಗಿಲ್ಲ. ಅಷ್ಟು ಚಿಕ್ಕದರ ಬೆನ್ನಿನ ಮೇಲೆ ತೇಪೆ ಸರಿಯಾಗಿ ಮೂಡಿರುವುದಿಲ್ಲ, ಮೂಡಿದ್ದರೂ ಸೂಜಿಗೆ ನಿಲುಕುವುದಿಲ್ಲ.

ಓಪಾ ಅವರಿಗೆ ಈಗ ಎಪ್ಪತ್ತು ದಾಟಿದೆ. ಮದುವೆಯ ರಜಾಯಿಗಳನ್ನು ಬಿಟ್ಟಿದ್ದಾರೆ. ಮಂಡಿ ಬಗ್ಗುವುದಿಲ್ಲವಾದ್ದರಿಂದ ಕೊಳದ ಪಕ್ಕದಲ್ಲಿ ತುರ್ಸುನಾಲಿ ಅಕಾ ಹೆಂಡತಿಗೊಂದು ಗಿಡ್ಡ ಕುರ್ಚಿಯನ್ನು ಮಾಡಿಕೊಟ್ಟಿದ್ದಾರೆ. ಎರಡನೆಯ ಬಟ್ಟೆ ನಡೆಯುತ್ತಿದೆ. ಇದು ಖೋಲ್ಮತ್ ಅಕಾ ಅವರ ಕೊಳದ್ದು. ಅಲ್ಲಿಗೆ ಈಗ ಪ್ರತಿ ವಸಂತದಲ್ಲಿ ನೆಲಗಪ್ಪೆಗಳು ಬರುತ್ತವೆ. ಹಿಂದೆ ಒಂದೂ ಬರುತ್ತಿರಲಿಲ್ಲವೆಂದು ಅವರು ಆಣೆ ಮಾಡಿ ಹೇಳುತ್ತಾರೆ. ಬರುತ್ತಿದ್ದವೋ ಏನೋ, ನೀವು ಎಂದು ನೋಡಿದ್ದಿರಿ ಎಂದು ಓಪಾ ಕೇಳುತ್ತಾರೆ. ಇದು ಮುಗಿಯದ ವಾದ.

ಮೊನ್ನೆ ಸಂಜೆ ಬೆಳಕಿರುವಾಗಲೇ ನಾನು ಅಲ್ಲಿಗೆ ಹೋಗಿದ್ದೆ. ಹಸಿರು ಹಿಡಿದ ಮೆಟ್ಟಿಲಿನ ಮೇಲೆ ಗಾಜಿನ ಬಟ್ಟಲು ಬೋರಲಾಗಿತ್ತು. ಒಳಗೆ ಒಂದು ಹೆಣ್ಣು ಗಂಟಲನ್ನು ಮಿಡಿಸುತ್ತ ಕುಳಿತಿತ್ತು. ಖೋಲ್ಮತ್ ಅಕಾ ಊರುಗೋಲನ್ನು ಬದಿಗಿಟ್ಟು, ಬಟ್ಟಲು ಜಾರದಂತೆ ಎರಡು ಬೆರಳಲ್ಲಿ ಒತ್ತಿ ಹಿಡಿದಿದ್ದರು.

"ಬೇಗ ತಂಗಿ, ಬೆರಳು ಜೋಮು ಹಿಡೀತು."

"ಇರಿ ಅಕಾ. ಎಡಗಾಲಿನ ಮೇಲೆ ಒಂದು ತೇಪೆ ಉಳಿದಿದೆ. ಸ್ವಲ್ಪ ಈ ಕಡೆ ತಿರುಗಿಸಿ."

"ನಾನು ತಿರುಗಿಸೋದಾ? ಅವಳನ್ನೇ ಕೇಳು."

ಓಪಾ ಕನ್ನಡಕವನ್ನು ಹಣೆಗೇರಿಸಿ, ದಾರದ ತುದಿಯನ್ನು ತುಟಿಯಲ್ಲಿ ತೇವ ಮಾಡಿ, ಸೂಜಿಯನ್ನು ಬೆಳಕಿನ ಕಡೆಗೆ ಹಿಡಿದು ದಾರ ಪೋಣಿಸುತ್ತಿದ್ದರು.